ಮೊದಲ ಸಲ ನೋಡುವವರ ಪಕ್ಕ ಕೂತಾಗ

(ಶಿರಸಿಯಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕಾಗಿರುವುದು ಸ್ಪಾಯ್ಲರ್ ಬಗ್ಗೆ. ಒಂದು ಸಿನಿಮಾವನ್ನೋ ಕಾದಂಬರಿಯನ್ನೋ ಇನ್ನೂ ನೋಡದ, ಓದದ ಒಬ್ಬರಿಗೆ ಅದರ ಗುಟ್ಟನ್ನು ಮೊದಲೇ ಹೇಳಿಬಿಡುವುದು ಇದೆಯಲ್ಲ, ಅದು. ವಿಷಯ ಕೇಳಿದ ಕೂಡಲೇ ಹಿರಿಯ ಗೆಳೆಯರೊಬ್ಬರು ಹೇಳಿದರು: "ನಮ್ಮ ಬದಿಯವರಿಗೆ ಇದೆಲ್ಲ ಎಂತಕ್ಕೆ ಮಾರಾಯಾ? ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ರಾತ್ರಿಯಿಡೀ ಆಟ ನೋಡಿದವರು ನಾವು."

ಈ ಮಾತು ಒಂದು ವಾರ ನನ್ನ ತಲೆಯಲ್ಲೇ ಕೂತಿತ್ತು. ಅವರು ಹೇಳಿದ್ದು ನಿಜ. ಕಥೆ ಗೊತ್ತಾದರೆ ರುಚಿ ಹೋಗುತ್ತದೆ ಅನ್ನುವುದಾದರೆ ನಾವು ಆಟ ಅನ್ನುವ ಯಕ್ಷಗಾನ ಇಷ್ಟು ಕಾಲ ಹೇಗೆ ಉಳಿಯಿತು? ಹಾಗಿದ್ದರೂ, ಯಾರಾದರೂ ಸಿನಿಮಾದ ಕೊನೆ ಹೇಳಿಬಿಟ್ಟಾಗ ನನಗೆ ನಿಜವಾಗಿ ನೋವಾಗುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ನಮ್ಮ ದೊಡ್ಡ ಕಥೆಗಳಿಂದಲೇ ಶುರು ಮಾಡುತ್ತೇನೆ. ವಾಲ್ಮೀಕಿ ರಾಮಾಯಣದ ಮೊದಲ ಸರ್ಗ ತೆಗೆದು ನೋಡಿ. ನಾರದರು ಬಂದು ವಾಲ್ಮೀಕಿಗೆ ರಾಮನ ಇಡೀ ಕಥೆ ಹೇಳಿಬಿಡುತ್ತಾರೆ. ಸುಮಾರು ನೂರು ಶ್ಲೋಕಗಳಲ್ಲಿ ಕಾಡಿಗೆ ಹೋದದ್ದು, ಸೀತೆಯನ್ನು ಕದ್ದದ್ದು, ರಾವಣ ಸತ್ತದ್ದು, ಪಟ್ಟಾಭಿಷೇಕ ಎಲ್ಲ ಮುಗಿಯುತ್ತದೆ. ಮುಂದಿನ ಸಾವಿರಾರು ಶ್ಲೋಕಗಳು ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತವೆ.

ಮಹಾಭಾರತದ್ದು ಇನ್ನೂ ಬೇರೆ. ಆದಿಪರ್ವದಲ್ಲೇ ಧೃತರಾಷ್ಟ್ರ ಅಳುತ್ತಾ ಒಂದೊಂದೇ ಘಟನೆ ನೆನೆಯುತ್ತಾನೆ. ಇದನ್ನು ಕೇಳಿದಾಗ ಗೆಲ್ಲುವ ಆಸೆ ಹೋಯಿತು ಸಂಜಯಾ, ಅದನ್ನು ಕೇಳಿದಾಗ ಗೆಲ್ಲುವ ಆಸೆ ಹೋಯಿತು ಅನ್ನುತ್ತಾನೆ. ಯುದ್ಧ ಶುರುವಾಗುವುದಕ್ಕೆ ಎಷ್ಟೋ ಪರ್ವಗಳ ಮೊದಲೇ ಯಾರು ಸೋತರು ಅಂತ ನಮಗೆ ಗೊತ್ತು. ಭೀಷ್ಮಪರ್ವದಲ್ಲಂತೂ ಸಂಜಯ ರಣರಂಗದಿಂದ ಓಡಿ ಬಂದು, ಭೀಷ್ಮ ಬಿದ್ದ ಅಂತ ಮೊದಲೇ ಹೇಳುತ್ತಾನೆ. ಆಮೇಲೆ ಮುದಿ ರಾಜ ಕೇಳುತ್ತಾನೆ, ಹೇಗೆ ಬಿದ್ದ? ಅಂಥವನು ಬೀಳುವುದು ಸಾಧ್ಯವಾ? ಆಗ ಹತ್ತು ದಿನದ ಯುದ್ಧ ಬಿಚ್ಚಿಕೊಳ್ಳುತ್ತದೆ. ದ್ರೋಣನದ್ದು, ಕರ್ಣನದ್ದು ಸಹ ಹಾಗೇ. ಮೊದಲು ಸಾವಿನ ಸುದ್ದಿ, ಆಮೇಲೆ ಕಥೆ. ನಾನು ಇದನ್ನು ಓದುವಾಗೆಲ್ಲ ನಮ್ಮ ಮನೆಗಳಿಗೆ ಬರುವ ಸಾವಿನ ಸುದ್ದಿ ನೆನಪಾಗುತ್ತದೆ. ಫೋನ್ ಬರುತ್ತದೆ, ಹೋದರು ಅನ್ನುತ್ತಾರೆ. ಆಮೇಲೇ ಅಲ್ವಾ ನಾವು ಹೇಗಾಯಿತು, ಯಾವಾಗ ಆಯಿತು, ಪಕ್ಕದಲ್ಲಿ ಯಾರಿದ್ದರು ಅಂತ ಕೇಳುವುದು?

ಆಟದ ವಿಷಯಕ್ಕೆ ಬರೋಣ. ಆಟಕ್ಕೆ ಹೊರಟವರು ದಾರಿಯಲ್ಲಿ ಏನು ಕೇಳಿಕೊಳ್ಳುತ್ತಾರೆ ನೆನಪು ಮಾಡಿಕೊಳ್ಳಿ. ಇವತ್ತಿನ ಕಥೆ ಹೇಗೆ ಮುಗಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಇವತ್ತು ಕೀಚಕ ಯಾರದು, ಭಾಗವತರು ಯಾರು, ಚಂಡೆಗೆ ಯಾರು ಅಂತ ಕೇಳುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಅವರು ತೀರಿಕೊಂಡರು. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಡುತ್ತಾನೆ ಅಂತ ನಮ್ಮೂರಿನ ಐದು ವರ್ಷದ ಮಗುವಿಗೂ ಗೊತ್ತು. ಆದರೆ ಆ ಕೈ ಮೋಹಿನಿಯ ಕೈಯನ್ನು ನೋಡಿಕೊಂಡು, ಮರುಳಾಗಿ, ಕುಣಿಯುತ್ತಾ ಕುಣಿಯುತ್ತಾ ತಲೆಯ ಹತ್ತಿರ ಹೋಗುತ್ತದಲ್ಲ, ಆ ಹೊತ್ತಿಗೆ ಇಡೀ ಬಯಲು ಉಸಿರು ಹಿಡಿದು ಕೂತಿರುತ್ತದೆ. ಗೊತ್ತಿದ್ದದ್ದರಿಂದಲೇ ಉಸಿರು ಹಿಡಿಯುತ್ತೇವೆ. ಗೊತ್ತಿಲ್ಲದವನಿಗೆ ಅದು ಸುಮ್ನೆ ಒಂದು ಕುಣಿತ.

ಆಲ್ಫ್ರೆಡ್ ಹಿಚ್‌ಕಾಕ್ ಅನ್ನುವ ಸಿನಿಮಾ ನಿರ್ದೇಶಕರು ಇದನ್ನೇ ಬೇರೆ ರೀತಿಯಲ್ಲಿ ವಿವರಿಸಿದ್ದರು. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಅದು ಗೊತ್ತಿಲ್ಲದಿದ್ದರೆ, ಸಿಡಿದಾಗ ಹದಿನೈದು ಸೆಕೆಂಡಿನ ಆಶ್ಚರ್ಯ ಅಷ್ಟೇ. ಗೊತ್ತಿದ್ದರೆ, ಮೇಜಿನ ಮೇಲೆ ಜನ ಏನೋ ಹರಟುತ್ತಾ ಕೂತಿರುವ ಹದಿನೈದು ನಿಮಿಷವೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಆಟ ನೋಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ತಾಳಮದ್ದಲೆ ಇದಕ್ಕಿಂತ ಸೂಕ್ಷ್ಮ. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ಕೃಷ್ಣ ಸಂಧಾನ ಮುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ಕೌರವ ಇವತ್ತಿನ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಎದುರು ಕೂತು ಪಾತ್ರದ ಮಾತಾಡುವ ಅರ್ಥಧಾರಿಗೂ ಗೊತ್ತಿಲ್ಲ. ಅಲ್ಲಿ ಗುಟ್ಟು ಇಲ್ಲ ಅಂತಲ್ಲ, ಗುಟ್ಟು ಬೇರೆ ಕಡೆ ಇದೆ. ಅದು ಕಥೆಯಲ್ಲಿಲ್ಲ, ಆ ರಾತ್ರಿಯ ಮಾತಿನಲ್ಲಿದೆ.

ನನ್ನ ಗೆಳೆಯರಿಗೆ ನಾನು ಕೊಡುವ ಉತ್ತರ ಇಲ್ಲಿಂದ ಹುಟ್ಟುತ್ತದೆ. ಪ್ರತಿ ಕಲೆಯೂ ತನ್ನ ಗುಟ್ಟನ್ನು ಒಂದೊಂದು ಕಡೆ ಇಟ್ಟಿರುತ್ತದೆ. ಕೊಲೆಗಾರ ಯಾರು ಅನ್ನುವ ಕಥೆಯಲ್ಲಿ ಅದನ್ನು ಕೊನೆಯ ಪುಟದಲ್ಲೇ ಇಟ್ಟಿರುತ್ತಾರೆ. ಅದನ್ನು ಹೇಳಿದರೆ ಬರೆದವರು ಕಷ್ಟಪಟ್ಟು ಕಟ್ಟಿದ್ದನ್ನೆಲ್ಲ ಕಿತ್ತ ಹಾಗೆ. ಅಗಾಥಾ ಕ್ರಿಸ್ಟಿ ಬರೆದ ಒಂದು ಕೊಲೆ ನಾಟಕ ಲಂಡನ್ನಿನಲ್ಲಿ 1952ರಿಂದ ನಡೆಯುತ್ತಿದೆ, ಕೋವಿಡ್ ಸಮಯದಲ್ಲಿ ನಿಂತದ್ದು ಬಿಟ್ಟರೆ. ನಾಟಕ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಈ ಗುಟ್ಟನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತಾರೆ. ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ನೋಡಿದವರು, ಇನ್ನೂ ನೋಡದ ಅಪರಿಚಿತರಿಗಾಗಿ ಬಾಯಿ ಮುಚ್ಚಿಕೊಂಡು ಬಂದಿದ್ದಾರೆ. ನನಗೆ ಇದು ದೊಡ್ಡ ಸೌಜನ್ಯವಾಗಿ ಕಾಣುತ್ತದೆ.

ನಮ್ಮಲ್ಲೂ ಅಂಥದ್ದು ನಡೆದಿದೆ. 2015ರಲ್ಲಿ ಬಾಹುಬಲಿಯ ಮೊದಲ ಭಾಗ ಒಂದು ಪ್ರಶ್ನೆಯಲ್ಲಿ ನಿಂತಿತು. ಕಟ್ಟಪ್ಪ ಯಾಕೆ ಕೊಂದ? ಎರಡನೆಯ ಭಾಗ ಬಂದದ್ದು 2017ರ ಏಪ್ರಿಲ್ 28ಕ್ಕೆ. ಅಷ್ಟು ದಿನ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಅದೇ ಪ್ರಶ್ನೆ. ಉತ್ತರ ನಾನು ಈಗಲೂ ಇಲ್ಲಿ ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಆಗ ಹುಟ್ಟೇ ಇರದ ಮಕ್ಕಳು ಕೂತಿದ್ದಾರೆ.

ಈ ವಿಷಯದ ಮೇಲೆ ಪ್ರಯೋಗಗಳೂ ಆಗಿವೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಜೊನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟೆನ್‌ಫೆಲ್ಡ್ 12 ಸಣ್ಣ ಕಥೆಗಳನ್ನು ಆರಿಸಿ 800ಕ್ಕೂ ಹೆಚ್ಚು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿದರು, ಕೆಲವರಿಗೆ ಇಲ್ಲ. ಕೊನೆ ಗೊತ್ತಿದ್ದವರೇ ಒಟ್ಟಿನಲ್ಲಿ ಕಥೆಯನ್ನು ಜಾಸ್ತಿ ಮೆಚ್ಚಿಕೊಂಡರು. ಪತ್ತೇದಾರಿ ಕಥೆಗಳಲ್ಲೂ ಹಾಗೇ ಆಯಿತು. ಕೊನೆ ಗೊತ್ತಿದ್ದರೆ ಮನಸ್ಸಿಗೆ ಭಾರ ಕಡಿಮೆ, ಕಥೆ ಸಲೀಸಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರು ಕೊಟ್ಟ ಒಂದು ಕಾರಣ. ಆಮೇಲೆ 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜೂಡಿತ್ ರೋಸೆನ್‌ಬಾಮ್ ಮಾಡಿದ ಅಧ್ಯಯನದಲ್ಲಿ ಬೇರೆ ಫಲ ಬಂತು. ಗುಟ್ಟು ಗೊತ್ತಾದ ಕಥೆಗಳಲ್ಲಿ ಮಜಾ ಕಡಿಮೆ, ಕುತೂಹಲವೂ ಕಡಿಮೆ ಅಂತ ಓದಿದವರು ಹೇಳಿದರು.

ಮೊದಲನೆಯ ಪ್ರಯೋಗದ ಸುದ್ದಿ ಹಿಡಿದುಕೊಂಡು, ಸ್ಪಾಯ್ಲರ್‌ನಿಂದ ಏನೂ ಆಗುವುದಿಲ್ಲ, ವಿಜ್ಞಾನಿಗಳೇ ಹೇಳಿದ್ದಾರೆ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಪ್ರಯೋಗದಲ್ಲಿ ಯಾರೋ ಕೊಟ್ಟ ಸಣ್ಣ ಕಥೆಯನ್ನು ಕೂತು ಓದುತ್ತಾರೆ. ಅದಕ್ಕಾಗಿ ಯಾರೂ ಎರಡು ವರ್ಷ ಕಾದಿರುವುದಿಲ್ಲ. ತಮ್ಮ ಮೆಚ್ಚಿನ ನಾಯಕನ ಸಿನಿಮಾಕ್ಕೆ ದುಡ್ಡು ಕೂಡಿಸಿಟ್ಟಿರುವುದಿಲ್ಲ. ಕಾದದ್ದನ್ನು ಕಳೆದುಕೊಳ್ಳುವ ನೋವನ್ನು ಕಾಯದವರ ಮೇಲೆ ಅಳೆಯಲು ಆಗುವುದಿಲ್ಲ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಅದು ಗೊತ್ತಾದದ್ದು ನಮ್ಮ ಅಜ್ಜನಿಂದ.

ಆಗ ನನಗೆ ಏಳೋ ಎಂಟೋ ವರ್ಷ. ಊರ ಗದ್ದೆಯಲ್ಲಿ ಬಯಲಾಟ. ಪ್ರಸಂಗ ಅಭಿಮನ್ಯು ಕಾಳಗ. ಅಜ್ಜ ಕಂಬಳಿ ಹಾಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹೇಗೋ ಏನೋ, ಆ ಕಥೆ ನನ್ನ ಕಿವಿಗೆ ಅಲ್ಲಿವರೆಗೆ ಬಿದ್ದಿರಲಿಲ್ಲ. ಅಭಿಮನ್ಯು ಕುಣಿಯುತ್ತಾ ಬಂದ. ಎಳೆಯ ಹುಡುಗನ ವೇಷ, ಚುರುಕು ಹೆಜ್ಜೆ. ನನಗೆ ಅವನು ಬಹಳ ಇಷ್ಟವಾದ. ಅಜ್ಜನಿಗೆ ಕೇಳಿದೆ, "ಅಜ್ಜಾ, ಅರ್ಜುನ ಯಾವಾಗ ಬತ್ತ?" ಪಕ್ಕದಲ್ಲಿ ಕೂತಿದ್ದ ಪರಿಚಯದವರೊಬ್ಬರು ನಗುತ್ತಾ ಬಾಯಿ ತೆರೆದರು. "ಅಯ್ಯೋ ತಮಾ, ಆ ಅಭಿಮನ್ಯು ಈಗ..." ಅಷ್ಟರಲ್ಲಿ ಅಜ್ಜ ಅವರ ಮೊಣಕಾಲ ಮೇಲೆ ಕೈ ಇಟ್ಟು ತಡೆದರು.

"ಹೇಳಡ. ಅಂವ ಇವತ್ತೇ ಮೊದ್ಲು ನೋಡ್ತಾ ಇದ್ದ."

ಅವರು ಸುಮ್ಮನಾದರು. ನಾನು ನೋಡುತ್ತಾ ಹೋದೆ. ಚಕ್ರವ್ಯೂಹದ ಒಳಗೆ ಹೋಗುವುದು ಅಭಿಮನ್ಯುವಿಗೆ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಕೇಳಿದ ಕಥೆ ಅರ್ಧಕ್ಕೇ ನಿಂತಿತ್ತು. ನನಗೂ ಆ ರಾತ್ರಿ ಅಷ್ಟೇ ಗೊತ್ತಿತ್ತು. ಅವನ ಜೊತೆಗೇ ನಾನೂ ಒಳಗೆ ಹೋದೆ. ಅರ್ಜುನ ಈಗ ಬರುತ್ತಾನೆ, ಈಗ ಬರುತ್ತಾನೆ ಅಂತ ಕಾದೆ. ಬರಲಿಲ್ಲ. ಹುಡುಗ ಬಿದ್ದಾಗ ನಾನು ಅಜ್ಜನ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಜ್ಜ ಏನೂ ಹೇಳಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಆ ಪ್ರಸಂಗವನ್ನು ಆಮೇಲೆ ನಾನು ಹತ್ತಾರು ಸಲ ನೋಡಿದ್ದೇನೆ. ಒಳ್ಳೊಳ್ಳೆಯ ಕಲಾವಿದರು ಮಾಡಿದ್ದನ್ನು ನೋಡಿದ್ದೇನೆ. ಪ್ರತಿ ಸಲ ಹೊಸದೇನೋ ಕಂಡಿದೆ, ಸಂತೋಷ ಸಿಕ್ಕಿದೆ. ಆದರೆ ಅರ್ಜುನ ಬರಬಹುದು ಅಂತ ಕಾದದ್ದು ಅದೊಂದೇ ರಾತ್ರಿ. ಕಥೆ ಗೊತ್ತಿದ್ದು ನೋಡುವ ಸುಖ ಯಾವಾಗ ಬೇಕಾದರೂ ಸಿಗುತ್ತದೆ. ಗೊತ್ತಿಲ್ಲದೆ ನೋಡುವ ಸುಖ ಒಂದೇ ಸಲ ಸಿಗುವುದು. ಅದನ್ನು ಕಳೆದ ಮೇಲೆ ಯಾರೂ ವಾಪಸ್ ತಂದುಕೊಡಲಾರರು. ಪ್ರಯೋಗದ ಫಲ ಯಾವ ಕಡೆ ಬಂದರೂ ಇದು ಬದಲಾಗುವುದಿಲ್ಲ. ಎರಡರಲ್ಲಿ ಯಾವುದು ಬೇಕು ಅಂತ ಆರಿಸಬೇಕಾದವರು ನೋಡುವವರು, ಪಕ್ಕದಲ್ಲಿ ಕೂತವರಲ್ಲ.

ನಾನೇ ಈ ತಪ್ಪು ಮಾಡಿದ್ದೇನೆ, ಅದನ್ನೂ ಹೇಳಬೇಕು. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ನೋಡುತ್ತೇನೆ ಅಂತ ಒಂದು ಸರಣಿಯನ್ನು ತೆಗೆದಿಟ್ಟುಕೊಂಡಿದ್ದಳು. ನಾನು ನೋಡಿ ಮುಗಿಸಿದ್ದೆ, ಖುಷಿಯಲ್ಲಿದ್ದೆ. ಫೋನಿನಲ್ಲಿ ಮಾತಾಡುತ್ತಾ, ಆ ಅಣ್ಣನೇ ಕಳ್ಳ ಅಂತ ನಾನು ಊಹೆಯನ್ನೇ ಮಾಡಿರಲಿಲ್ಲ ಅಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇರ್ಲಿ ಬಿಡು ಮಾವ" ಅಂದಳು. ಆ ಸರಣಿಯನ್ನು ಅವಳು ಇವತ್ತಿನವರೆಗೆ ನೋಡಿಲ್ಲ. ನಾನು ಬೇಕಂತ ಹೇಳಿದ್ದಲ್ಲ. ಸಂತೋಷ ಹಂಚಿಕೊಳ್ಳಲು ಹೋದದ್ದು. ಸ್ಪಾಯ್ಲರ್ ಕೊಡುವವರಲ್ಲಿ ಹೆಚ್ಚಿನವರು ಹೀಗೇ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಬೈಯುವುದಕ್ಕಿಂತ, ಮೊದಲು ಕೇಳುವ ಅಭ್ಯಾಸ ಬೇಕು. "ನೋಡಿದ್ಯಾ? ನೋಡುವ ಯೋಚನೆ ಇದ್ಯಾ?" ಎರಡೇ ಪ್ರಶ್ನೆ.

ಎರಡನೆಯ ಪ್ರಶ್ನೆ ಯಾಕೆ ಬೇಕು ಅಂದರೆ, ಹೇಳಲೇಬೇಕಾದ ಸಂದರ್ಭಗಳೂ ಇವೆ. ಅಡಿಕೆ ಕೊಯ್ಲಿನ ಕಾಲದ ರಾತ್ರಿಗಳನ್ನು ನೆನೆಸಿಕೊಳ್ಳಿ. ಅಂಗಳದಲ್ಲೋ ಜಗಲಿಯಲ್ಲೋ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಅಕ್ಕಪಕ್ಕದ ಮನೆಯವರು. ಕೈ ಸುಲಿಯುತ್ತಾ ಇರುತ್ತದೆ, ಕಿವಿ ಖಾಲಿ ಇರುತ್ತದೆ. ನಾನು ಚಿಕ್ಕವನಿದ್ದಾಗ ಪೇಟೆಗೆ ಹೋಗಿ ಸಿನಿಮಾ ನೋಡಿಬಂದ ಹೆಂಗಸೊಬ್ಬರು ಅಲ್ಲಿ ಕೂತು ಇಡೀ ಸಿನಿಮಾ ಹೇಳುತ್ತಿದ್ದರು. ಹಾಡು ಎಲ್ಲಿ ಬಂತು, ನಾಯಕಿ ಯಾವ ಸೀರೆ ಉಟ್ಟಿದ್ದಳು, ಅತ್ತೆ ಹೇಗೆ ಬೈದಳು, ಎಲ್ಲ. ಎರಡೂವರೆ ತಾಸಿನ ಸಿನಿಮಾಕ್ಕೆ ಎರಡು ರಾತ್ರಿ ಬೇಕಾಗುತ್ತಿತ್ತು. ಕೊನೆಯನ್ನೂ ಹೇಳುತ್ತಿದ್ದರು. ಕೇಳುತ್ತಿದ್ದವರಲ್ಲಿ ಬಹಳ ಜನ ಆ ಸಿನಿಮಾವನ್ನು ಎಂದೂ ನೋಡುವವರಲ್ಲ. ಅವರಿಗೆ ಆ ಹೆಂಗಸು ಹೇಳಿದ್ದೇ ಸಿನಿಮಾ. ಅದನ್ನು ಸ್ಪಾಯ್ಲರ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ಗಮನಿಸಿ. ಅವರೂ ಕೊನೆಯನ್ನು ಕೊನೆಯಲ್ಲೇ ಹೇಳುತ್ತಿದ್ದರು. ಮೊದಲ ರಾತ್ರಿ ಸರಿಯಾದ ಜಾಗದಲ್ಲಿ ನಿಲ್ಲಿಸಿ, ಉಳಿದದ್ದು ನಾಳೆ ಅನ್ನುತ್ತಿದ್ದರು. ಮರುದಿನ ಯಾರೂ ತಪ್ಪಿಸುತ್ತಿರಲಿಲ್ಲ.

ಈಗಿನ ತೊಂದರೆ ಬೇರೆ. ಹೇಳುವವರು ಎದುರಿಗೆ ಇರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಸಿನಿಮಾ ನೋಡಿದವರು ಮಧ್ಯಾಹ್ನಕ್ಕೆ ಕ್ಲೈಮ್ಯಾಕ್ಸ್ ಅನ್ನು ಫೋನಿನಲ್ಲಿ ಚಿತ್ರೀಕರಿಸಿದ್ದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿರುತ್ತಾರೆ. ತೋಟದಿಂದ ಬಂದು ಕೈ ತೊಳೆದು ಫೋನ್ ತೆಗೆದರೆ ನಾಯಕ ಸತ್ತಿರುತ್ತಾನೆ. ಥಿಯೇಟರಿನಲ್ಲಿ ಹೀಗೆ ಚಿತ್ರೀಕರಿಸುವುದು ಕೆಟ್ಟ ನಡತೆ ಮಾತ್ರ ಅಲ್ಲ, ಅಪರಾಧ. 2023ರಲ್ಲಿ ಸಿನಿಮಾ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ ಕನಿಷ್ಠ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ. ನಮ್ಮ ಹುಡುಗರಿಗೆ ಇದನ್ನು ತಿಳಿಸಿ ಹೇಳಿ.

ಎಷ್ಟು ದಿನ ಕಾಯಬೇಕು ಅಂತ ಕೇಳುತ್ತಾರೆ. ಎರಡು ವಾರ ಆಯ್ತಲ್ಲ, ನೋಡುವವರು ನೋಡಿರುತ್ತಾರೆ ಅನ್ನುವುದು ಊರು ನೋಡಿ ಹೇಳಬೇಕಾದ ಮಾತು. ಘಟ್ಟದ ಒಳಗಿನ ಹಳ್ಳಿಯವರಿಗೆ ಥಿಯೇಟರ್ ದೂರ. ಒಟಿಟಿಗೆ ಬರಲು ಇನ್ನೂ ಕೆಲವು ವಾರ. ಬಂದರೂ ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟ್ ಇಲ್ಲ. ಕೊಯ್ಲು ಶುರುವಾದರೆ ಎರಡು ತಿಂಗಳು ಯಾರಿಗೂ ಪುರುಸೊತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಬೇಡಿ, ಎದುರಿಗಿರುವ ಮನುಷ್ಯರನ್ನು ಕೇಳಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಟ್ರೇಲರ್‌ಗಳೇ ಅರ್ಧ ಕಥೆ ಹೇಳಿಬಿಡುತ್ತವಲ್ಲ, ಅದಕ್ಕೇನು ಮಾಡುವುದು ಅಂತ ಒಬ್ಬ ಹುಡುಗ ಕೇಳಿದ. ಕಾಯುತ್ತಿರುವ ಸಿನಿಮಾದ ಟ್ರೇಲರ್ ನಾನು ನೋಡುವುದಿಲ್ಲ ಅಂತ ಹೇಳಿದೆ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಎರಡನೆಯ ಪ್ರಶ್ನೆ ಕೇಳಿದವರು ಒಬ್ಬ ತಾಯಿ. ನನಗೆ ಕೊನೆ ಗೊತ್ತಾಗದೆ ನೋಡಲು ಆಗುವುದೇ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮಕ್ಕಳು ನಗುತ್ತಾರೆ, ಇದು ತಪ್ಪಾ ಅಂತ ಕೇಳಿದರು.

ಖಂಡಿತ ತಪ್ಪಲ್ಲ. ನಮ್ಮ ಆಯಿಯೂ ಹಾಗೇ. ಅಪ್ಪ ತೀರಿಕೊಂಡ ಮೇಲೆ ಆಯಿ ಬಹಳ ದಿನ ಟಿವಿಯ ಮುಂದೆ ಕೂರಲೇ ಇಲ್ಲ. ಆಮೇಲೆ ನಿಧಾನಕ್ಕೆ ಕೂರಲು ಶುರು ಮಾಡಿದಳು. ಈಗ ಸಿನಿಮಾ ಹಾಕುವ ಮೊದಲು ನನ್ನನ್ನು ಕೇಳುತ್ತಾಳೆ, "ಕಡಿಗೆ ಅವಂಗೆ ಎಂತೂ ಆಗ್ತಿಲ್ಲೆ ಅಲ್ದಾ?" ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಏನೂ ಆಗುವುದಿಲ್ಲ ಅಂದರೆ ಕಾಲು ಚಾಚಿ ಕೂರುತ್ತಾಳೆ. ಆಗುತ್ತದೆ ಅಂದರೆ ಸ್ವಲ್ಪ ಯೋಚಿಸುತ್ತಾಳೆ. ಕೆಲವು ದಿನ ಬೇಡ ಅನ್ನುತ್ತಾಳೆ. ಕೆಲವು ದಿನ, "ಅಡ್ಡಿಲ್ಲೆ, ಹಾಕು" ಅಂದು ಸೆರಗು ಹೊದ್ದುಕೊಂಡು ನನ್ನ ಪಕ್ಕ ಬಂದು ಕೂರುತ್ತಾಳೆ.